ನಾಯಿಮರಿಯ ಬಾಯಿಂದ ಕಸಿಯಬೇಡಿ, ಬಿಡೋದನ್ನು ಕಲಿಸಿ

ನಾಯಿಮರಿ ಏನೋ ಬಾಯಿಗೆ ಹಾಕಿಕೊಂಡಿತು ಅಂತ ಗೊತ್ತಾದ ಕೂಡಲೇ ಮನೆಯವರೆಲ್ಲ ಮಾಡುವುದು ಒಂದೇ ಕೆಲಸ. ಕೂಗುತ್ತಾ ಓಡಿ ಬರುತ್ತಾರೆ, ಮರಿಯನ್ನು ಹಿಡಿಯುತ್ತಾರೆ, ದವಡೆ ಅಗಲಿಸಿ ಬೆರಳು ತುರುಕಿ ಎಳೆದು ತೆಗೆಯುತ್ತಾರೆ. ಆ ಹೊತ್ತಿಗೆ ಕೆಲಸ ಆಯಿತು ಅನ್ನಿಸುತ್ತದೆ. ಆದರೆ ಮರಿ ಅಲ್ಲೇ ಒಂದು ಪಾಠ ಕಲಿತಿರುತ್ತದೆ: ಇವರು ಹತ್ತಿರ ಬಂದರೆ ನನಗೆ ಸಿಕ್ಕಿದ್ದು ಹೋಗುತ್ತದೆ, ಹಾಗಾಗಿ ಬರುವ ಮೊದಲೇ ನುಂಗಿಬಿಡಬೇಕು.

ಇದೇ ನಾಲ್ಕಾರು ಸಲ ನಡೆದರೆ ಮರಿ ಚುರುಕಾಗುತ್ತದೆ. ಮೊದಲು ಸಿಕ್ಕಿದ್ದನ್ನು ಬಾಯಲ್ಲಿಟ್ಟುಕೊಂಡು ಆಡುತ್ತಿದ್ದದ್ದು, ಈಗ ನಿಮ್ಮ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಗುಳುಂ ಅಂತ ನುಂಗುತ್ತದೆ. ಕೆಲವು ಮರಿಗಳು ಮಂಚದ ಕೆಳಗೆ ಓಡುತ್ತವೆ. ಕೆಲವು ಗುರ್ ಅನ್ನುತ್ತವೆ. ‘ನಮ್ಮ ನಾಯಿಗೆ ಹಟ ಜಾಸ್ತಿ’ ಅಂತ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಹಟ ಅಲ್ಲ, ನಾವೇ ಕಲಿಸಿದ್ದು. ಅಪಾಯದ ವಸ್ತು ತಿನ್ನದಂತೆ ಮರಿಯನ್ನು ಪಳಗಿಸುವ ಕೆಲಸ ಶುರುವಾಗುವುದು ಈ ಪಾಠವನ್ನು ತಿರುಗಿಸುವಲ್ಲಿ. ಮನುಷ್ಯರ ಕೈ ಹತ್ತಿರ ಬಂದರೆ ಏನೋ ಒಳ್ಳೆಯದು ಸಿಗುತ್ತದೆ ಅಂತ ಅದಕ್ಕೆ ಅನ್ನಿಸಬೇಕು.

ಮರಿ ಎಲ್ಲವನ್ನೂ ಬಾಯಿಗೆ ಹಾಕುವುದು ಕೆಟ್ಟ ಬುದ್ಧಿಯಿಂದ ಅಲ್ಲ. ಅದಕ್ಕೆ ಕೈ ಇಲ್ಲ. ಗಟ್ಟಿಯೋ ಮೆತ್ತಗೋ, ತಿನ್ನಬಹುದೋ ಬಾರದೋ ಅಂತ ನೋಡುವುದು ಮೂಗಿನಿಂದ, ಆಮೇಲೆ ಬಾಯಿಂದ. ಜೊತೆಗೆ ಹಲ್ಲಿನ ಕಾಟ. ಮರಿಗೆ 28 ಹಾಲುಹಲ್ಲು ಇರುತ್ತವೆ. ಸುಮಾರು ಮೂರೂವರೆ, ನಾಲ್ಕು ತಿಂಗಳಿಂದ ಅವು ಉದುರಲು ಶುರುವಾಗಿ, ಆರೇಳು ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬರುತ್ತವೆ. ಈ ನಡುವೆ ವಸಡು ತುರಿಸುತ್ತದೆ, ಸಿಕ್ಕಿದ್ದನ್ನು ಕಡಿಯದೆ ಇರಲು ಆಗುವುದಿಲ್ಲ. ಕಡಿಯುವುದನ್ನೇ ನಿಲ್ಲಿಸುತ್ತೇನೆ ಅಂತ ಹೊರಟರೆ ಸೋಲುತ್ತೀರಿ. ಕಡಿಯಲು ಗಟ್ಟಿ ರಬ್ಬರ್ ಆಟಿಕೆ ಕೊಡಿ, ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ ಗಜ್ಜರಿ ಕೊಡಿ. ಒದ್ದೆ ಬಟ್ಟೆ ಗಂಟು ಕಟ್ಟಿ ತಣ್ಣಗೆ ಮಾಡಿಯೂ ಕೊಡಬಹುದು, ಆದರೆ ಅದನ್ನು ಹರಿದು ನುಂಗದಂತೆ ಎದುರಿಗೇ ಕೂತಿರಬೇಕು. ಹಳೇ ಚಪ್ಪಲಿ ಮಾತ್ರ ಕೊಡಬೇಡಿ. ಹಳೇದು ಯಾವುದು, ಮೊನ್ನೆ ತಂದದ್ದು ಯಾವುದು ಅಂತ ಅದಕ್ಕೇನು ಗೊತ್ತು?

ನಮ್ಮ ಕಡೆ ನೆಲದ ಮೇಲೆ ಏನೇನಿರುತ್ತೆ

ನಾಯಿಗೆ ಅಪಾಯದ ವಸ್ತು ಅಂತ ಹುಡುಕಿದರೆ ಮೊದಲು ಬರುವುದು ಚಾಕೊಲೇಟ್. ನಿಜವೇ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಯ ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ, ಎದೆಬಡಿತ ಏರುತ್ತದೆ, ಫಿಟ್ಸ್ ಬರಬಹುದು. ಕಪ್ಪು ಚಾಕೊಲೇಟ್ ಇನ್ನೂ ಕೆಟ್ಟದ್ದು. ಆದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಚಾಕೊಲೇಟಿಗಿಂತ ಹೆಚ್ಚು ಹೆದರಬೇಕಾದದ್ದು ಬೇರೆ ಇದೆ.

ಮೊದಲನೆಯದು ಇಲಿ ಪಾಷಾಣ. ಇದರಲ್ಲಿ ಎರಡು ಬಗೆ ಹೆಚ್ಚು ಸಿಗುತ್ತವೆ. ಒಂದು ಬಿಲ್ಲೆಯಂತೆ ಬರುವ ಬ್ರೋಮಡಯೋಲೋನ್. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ದಿನ ನಾಯಿ ಚೆನ್ನಾಗಿ ಓಡಾಡಿಕೊಂಡಿರುತ್ತದೆ. ಎರಡು, ಮೂರು ಅಥವಾ ಐದು ದಿನ ಕಳೆದ ಮೇಲೆ ಒಳಗೆ ರಕ್ತಸ್ರಾವ ಶುರುವಾಗುತ್ತದೆ. ಇನ್ನೊಂದು ಸಿಂಕ್ ಫಾಸ್ಫೈಡ್ ಅನ್ನುವ ಕಪ್ಪು ಪುಡಿ. ಹಿಟ್ಟಿನಲ್ಲಿ, ರೊಟ್ಟಿ ಚೂರಿನಲ್ಲಿ ಕಲಸಿ ಮೂಲೆಗೆ ಇಡುವುದು ಇದನ್ನೇ. ಹೊಟ್ಟೆಯ ಹುಳಿಗೆ ಸೇರಿದ ಕೂಡಲೇ ಫಾಸ್ಫೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಇದು ಗಂಟೆಗಳ ಲೆಕ್ಕದ ಆಟ.

ಕಲಬುರಗಿಯನ್ನು ತೊಗರಿ ಕಣಜ ಅನ್ನುತ್ತೇವೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ತೊಗರಿ ಇದ್ದಲ್ಲಿ ಕಾಯಿಕೊರಕ ಇರುತ್ತದೆ, ಕಾಯಿಕೊರಕ ಇದ್ದಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಾರೆ. ಹೊಡೆದು ಉಳಿದ ಬಾಟಲಿ ಹೊಲದ ಬದುವಿನಲ್ಲೋ, ಮನೆಯ ಪಡಸಾಲೆಯ ಮೂಲೆಯಲ್ಲೋ ಬಿದ್ದಿರುತ್ತದೆ. ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್ ಜಾತಿಯ ಔಷಧ ನಾಯಿಯ ಹೊಟ್ಟೆ ಸೇರಿದರೆ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಮೈ ಅದುರುತ್ತದೆ, ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಉಸಿರು ಕಟ್ಟುತ್ತದೆ. ಕಾಳಿಗೆ ಹುಳ ಹಿಡಿಯಬಾರದು ಅಂತ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇನ್ನೂ ಭಯಂಕರ. ಅದಿರುವ ಮನೆಯಲ್ಲಿ ಮರಿ ಅಷ್ಟೇ ಅಲ್ಲ, ಮಕ್ಕಳೂ ಓಡಾಡಬಾರದು. ನಾರಾಯಣಪುರ ಕಾಲುವೆ ನೀರಿನಲ್ಲಿ ಹತ್ತಿ, ಭತ್ತ ಬೆಳೆಯುವ ಯಾದಗಿರಿ ಕಡೆ ಬಣ್ಣ ಬಣ್ಣದ ಬಿತ್ತನೆ ಬೀಜ ನೋಡಿರುತ್ತೀರಿ. ಬೀಜದ ಮೇಲಿನ ಆ ಬಣ್ಣ, ಔಷಧ ಲೇಪಿಸಿದ್ದಾರೆ ಅಂತ ತಿಳಿಸುವ ಗುರುತು. ಔಡಲ ಬೀಜ, ಔಡಲ ಹಿಂಡಿ ಎರಡೂ ವಿಷವೇ. ಗಿಡಕ್ಕೆ ಹಾಕಿದ ಹಿಂಡಿಯ ವಾಸನೆಗೆ ಮರಿ ಕುಂಡವನ್ನೇ ಬಗೆದು ತಿನ್ನುತ್ತದೆ. ದನದ ಗೋದಲಿಯಿಂದ ಹತ್ತಿಕಾಳು ಹಿಂಡಿ ಕದ್ದು ತಿನ್ನುವ ಚಟ ಹತ್ತಿದರೂ ಬಿಡಿಸಬೇಕು. ಅದರಲ್ಲಿರುವ ಗಾಸಿಪಾಲ್ ದಿನಾ ಸೇರುತ್ತಾ ಹೋದರೆ ಹೃದಯ ಕೆಡುತ್ತದೆ.

ಅಡುಗೆಮನೆಗೆ ಬರೋಣ. ರೊಟ್ಟಿ ಜೊತೆ ಉಳ್ಳಾಗಡ್ಡಿ ಇಲ್ಲದ ಊಟ ನಮ್ಮಲ್ಲಿ ಊಟವೇ ಅಲ್ಲ. ನಾಯಿಗೆ ಅದೇ ಉಳ್ಳಾಗಡ್ಡಿ ಕೆಂಪು ರಕ್ತಕಣ ಒಡೆಯುವ ವಿಷ. ಹಸಿಯಾದರೂ ಅಷ್ಟೇ, ಬೇಯಿಸಿದರೂ ಅಷ್ಟೇ, ಪುಡಿ ಮಾಡಿದರೂ ಅಷ್ಟೇ. ಕೆ.ಜಿ. ತೂಕಕ್ಕೆ 15ರಿಂದ 30 ಗ್ರಾಂ ತಿಂದರೆ ರಕ್ತದಲ್ಲಿ ತೊಂದರೆ ಕಾಣಿಸುತ್ತದೆ. ಐದು ಕೆ.ಜಿ. ಮರಿಗೆ ಒಂದು ಮಧ್ಯಮ ಗಡ್ಡೆ ಸಾಕಾಯಿತು. ಬಳ್ಳೊಳ್ಳಿ ಇನ್ನೂ ಖಡಕ್. ಹಾಗಾಗಿ ಮಟನ್ ಸಾರಿನಲ್ಲಿ ರೊಟ್ಟಿ ಅದ್ದಿ ಹಾಕುವುದು, ಬಳ್ಳೊಳ್ಳಿ ಹಾಕಿದ ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚಿದ ರೊಟ್ಟಿ ಎಸೆಯುವುದು ಪ್ರೀತಿಯ ಕೆಲಸ ಅಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಪ್ರಸಾದದ ಶಿರಾ ಕೊಡುವ ಮುಂಚೆ ಇದು ನೆನಪಿರಲಿ. ಸಕ್ಕರೆ ಇಲ್ಲದ ಹಲವು ಚ್ಯೂಯಿಂಗ್ ಗಮ್‌ಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ವಸ್ತು ಇರುತ್ತದೆ. ಅದು ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಇಳಿಸಿ ಕೆಡವಬಹುದು.

ವಿಷ ಅಲ್ಲದಿದ್ದರೂ ಕರುಳಿಗೆ ಅಡ್ಡ ಕೂರುವ ವಸ್ತುಗಳದ್ದು ಬೇರೆಯೇ ಕಥೆ. ಮಾವಿನ ಓಟೆ, ಮೆಕ್ಕೆಜೋಳದ ಬೆಂಡು, ಬೇಯಿಸಿದ ಕೋಳಿ ಮೂಳೆ, ಕಾಲುಚೀಲ, ಶಹಾಬಾದ್ ಕಲ್ಲಿನ ಚಕ್ಕೆ. ಬೆಂಡು ಹೊಟ್ಟೆಯಲ್ಲಿ ಕರಗುವುದಿಲ್ಲ, ಎಕ್ಸ್‌ರೇಯಲ್ಲೂ ಸುಲಭಕ್ಕೆ ಕಾಣುವುದಿಲ್ಲ. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸೂಜಿ ಪೋಣಿಸಿದ ದಾರ. ದಾರದ ಒಂದು ತುದಿ ನಾಲಿಗೆ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡರೆ, ಕರುಳು ಅದರ ಸುತ್ತ ಸುಕ್ಕುಗಟ್ಟಿ ಕತ್ತರಿಸಿಕೊಳ್ಳುತ್ತದೆ. ಬಾಯಲ್ಲೋ ಗುದದಲ್ಲೋ ದಾರದ ತುದಿ ಕಂಡರೆ ಎಳೆಯಲೇಬಾರದು. ಗುಂಡಿಯಂಥ ಸಣ್ಣ ಬ್ಯಾಟರಿ ಅನ್ನನಾಳದಲ್ಲಿ ನಿಂತರೆ ಒಂದೆರಡು ಗಂಟೆಯಲ್ಲೇ ಸುಟ್ಟು ತೂತು ಮಾಡಬಲ್ಲದು. ಮಕ್ಕಳ ಆಟಿಕೆ, ಕಾರಿನ ಕೀ, ರಿಮೋಟು ಇರುವ ಮನೆಯಲ್ಲಿ ಇದು ಎಲ್ಲಿ ಬೇಕಾದರೂ ಬಿದ್ದಿರಬಹುದು.

ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವ ಓಣಿಗಳವರಿಗೆ ಒಂದು ಮಾತು. ಬಿದ್ರಿ ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಅರ ಹಾಕುವಾಗ ಉದುರುವ ಚೂರು, ಪುಡಿ ಮರಿಯ ಹೊಟ್ಟೆಗೆ ಹೋದರೆ ಸತು ಕರಗಿ, ಉಳ್ಳಾಗಡ್ಡಿಯ ಹಾಗೇ ರಕ್ತಕಣ ಒಡೆಯುತ್ತದೆ. ಚಿತ್ತಾರ ಕೊರೆಯುವ ಮುಂಚೆ ಮೇಲ್ಮೈ ಕಪ್ಪಾಗಿಸಲು ಹಚ್ಚುವ ಮೈಲುತುತ್ತವೂ ವಿಷ. ಬಿದ್ರಿಗೆ ಕೊನೆಯ ಕಪ್ಪು ಬಣ್ಣ ಕೊಡುವ ಕೋಟೆ ಮಣ್ಣಿನ ಬಗ್ಗೆ ಊರೆಲ್ಲ ಮಾತಾಡುತ್ತಾರೆ, ಈ ಚೂರುಗಳ ಬಗ್ಗೆ ಯಾರೂ ಹೇಳುವುದಿಲ್ಲ. ಅಂಗಡಿಯ ಹಿಂದೆ ಮರಿ ಸಾಕಿದವರು ಕೆಲಸದ ಜಾಗಕ್ಕೆ ಒಂದು ಹಲಗೆ ಅಡ್ಡ ಇಟ್ಟರೂ ಸಾಕು.

ಇನ್ನು ಬೀದಿ: ಗುಟ್ಕಾ ಚೀಟಿ, ಬೀಡಿ ತುಂಡು, ಸುಣ್ಣದ ಡಬ್ಬಿ, ಊಟದ ವಾಸನೆ ಹತ್ತಿದ ಪ್ಲಾಸ್ಟಿಕ್ ಚೀಲ. ಬೇಲಿಯ ಕಣಗಿಲೆ ಎಲೆ ಹೃದಯ ನಿಲ್ಲಿಸುವಂಥದ್ದು, ಅಂಗಳದ ಚೆಂದಕ್ಕೆ ಹಚ್ಚುವ ಸೈಕಸ್ ಗಿಡದ ಬೀಜ ಯಕೃತ್ತನ್ನು ಹಾಳು ಮಾಡುತ್ತದೆ. ಬೀರುವಿನ ಡಾಂಬರ್ ಗುಳಿಗೆ, ತಲೆಶೂಲೆಗೆ ನಾವು ನುಂಗುವ ಮಾತ್ರೆ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ.

ಇಷ್ಟನ್ನೂ ಹೇಳಿದ್ದು ಹೆದರಿಸಲು ಅಲ್ಲ. ಯಾವ ತರಬೇತಿಯೂ ಎರಡು ವಾರದಲ್ಲಿ ಗಟ್ಟಿಯಾಗುವುದಿಲ್ಲ. ಅಲ್ಲಿಯತನಕ ಮರಿಯನ್ನು ಕಾಯುವುದು ನಿಮ್ಮ ಕಸಬರಿಗೆ, ಮುಚ್ಚಿದ ಕಪಾಟು, ಮುಚ್ಚಳ ಇರುವ ಕಸದ ಬುಟ್ಟಿ. ಜೊತೆಗೆ ‘ಬ್ಯಾಡ’ ಅಂದರೆ ಕೇಳುವ ನಾಯಿ ನೀವು ಎದುರಿಗಿದ್ದಾಗ ಮಾತ್ರ ಕೇಳುತ್ತದೆ. ನೀವು ಸಂತೆಗೆ ಹೋದಾಗ ಮನೆಯಲ್ಲಿ ಒಂದೇ ಇರುವ ಮರಿಗೆ ಯಾವ ಮಾತೂ ನೆನಪಿರುವುದಿಲ್ಲ. ಇಲಿ ಪಾಷಾಣ ಇಡುವ ಮನೆಯಲ್ಲಿ ನಾಯಿಗೆ ತರಬೇತಿ ಕೊಡುತ್ತೇನೆ ಅನ್ನುವವರಿಗೆ ನಾನು ಹೇಳುವುದು: ಮೊದಲು ಪಾಷಾಣ ತೆಗೆದು ಇಲಿ ಬೋನು ತನ್ನಿ.

ಎರಡು ಮಾತು ಸಾಕು

ಮರಿಗೆ ಎರಡು ಮಾತು ಬೇಕು. ನೆಲದ ಮೇಲಿದ್ದದ್ದನ್ನು ಮುಟ್ಟದಿರಲು ಒಂದು, ಆಗಲೇ ಬಾಯಲ್ಲಿದ್ದದ್ದನ್ನು ಉಗುಳಲು ಇನ್ನೊಂದು. ಮೊದಲನೆಯದಕ್ಕೆ ‘ತಡಿ’, ಎರಡನೆಯದಕ್ಕೆ ‘ಬಿಡು’ ಅಂತ ಇಟ್ಟುಕೊಳ್ಳೋಣ. ಯಾವ ಮಾತಾದರೂ ನಡೆಯುತ್ತದೆ, ಮನೆಯವರೆಲ್ಲ ಒಂದೇ ಮಾತು ಆಡಬೇಕು ಅಷ್ಟೇ. ನಮ್ಮ ಕಡೆ ಮನೆಗಳಲ್ಲಿ ಮುತ್ಯಾ ‘ಬಿಡಲೇ’ ಅನ್ನುತ್ತಾರೆ, ಇಂಗ್ಲಿಷ್ ಶಾಲೆಗೆ ಹೋಗುವ ಮಗಳು ‘ಲೀವ್ ಇಟ್’ ಅನ್ನುತ್ತಾಳೆ, ಪಕ್ಕದ ಮನೆ ಭಾಯ್ ‘ಛೋಡ್’ ಅನ್ನುತ್ತಾರೆ. ಮರಿ ಮೂವರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತದೆ, ಬಾಯಲ್ಲಿದ್ದದ್ದು ಬಾಯಲ್ಲೇ ಇರುತ್ತದೆ.

ತರಬೇತಿಗೆ ತಿಂಡಿ ಬೇಕು. ಮಾಂಸ ತಿನ್ನುವ ಮನೆಯಾದರೆ ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಮಾಂಸ, ಮೂಳೆ ತೆಗೆದು, ಕಡಲೆಕಾಳಿನಷ್ಟು ಚೂರು ಮಾಡಿ. ಮಾಂಸ ತಾರದ ಮನೆಯಲ್ಲಿ ಪನೀರ್ ಚೆನ್ನಾಗಿ ಕೆಲಸ ಮಾಡುತ್ತದೆ. ‘ಏನ್ರೀ ಅಕ್ಕಾರ, ನಾಯಿಗೆ ಪನೀರ್ ಹಾಕ್ತೀರಲ್ಲ!’ ಅಂತ ಓಣಿಯವರು ನಗಬಹುದು. ನಗಲಿ. ಬಾಯಲ್ಲಿರುವ ಮೂಳೆಗಿಂತ ನಿಮ್ಮ ಕೈಯಲ್ಲಿರುವುದು ರುಚಿಯಾಗಿರದಿದ್ದರೆ ಮರಿ ಯಾಕೆ ಬಿಡಬೇಕು? ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಮುಗಿಸಿ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಹತ್ತು ಗಂಟೆಯ ಡಾಂಬರು ರಸ್ತೆ ಮರಿಯ ಪಾದ ಸುಡುತ್ತದೆ.

‘ಬಿಡು’ ಕಲಿಸುವಾಗ ಬಹಳ ಜನ ತಲೆಕೆಳಗು ಮಾಡುತ್ತಾರೆ. ಮರಿಯ ಬಾಯಲ್ಲಿ ಏನಾದರೂ ಸಿಕ್ಕಾಗಲೇ ಆ ಮಾತನ್ನು ಮೊದಲ ಸಲ ಆಡುತ್ತಾರೆ, ಅದೂ ಕಿರುಚಿ. ಕಲಿಸಬೇಕಾದದ್ದು ಬಾಯಲ್ಲಿ ಏನೂ ಇಲ್ಲದಾಗ. ಮರಿ ಸುಮ್ನೆ ಕೂತಿರುವಾಗ ‘ಬಿಡು’ ಅನ್ನಿ, ಒಂದು ಕ್ಷಣ ಬಿಟ್ಟು ನಾಲ್ಕೈದು ಪನೀರ್ ಚೂರು ಅದರ ಮುಂದೆ ನೆಲಕ್ಕೆ ಉದುರಿಸಿ. ತಿನ್ನಲಿ. ಅದು ತಿನ್ನುವಾಗ ನಿಮ್ಮ ಬೆರಳಿಂದ ಇನ್ನೊಂದು ಚೂರು ತೋರಿಸಿ. ಮಾತು ಮೊದಲು, ತಿಂಡಿ ಆಮೇಲೆ. ಎರಡೂ ಒಟ್ಟಿಗೇ ಬಂದರೆ ಮರಿ ಕೈಯನ್ನಷ್ಟೇ ನೋಡುತ್ತದೆ, ಮಾತು ಅದರ ಕಿವಿಗೆ ಬೀಳುವುದಿಲ್ಲ. ರಷ್ಯಾದ ವಿಜ್ಞಾನಿ ಪಾವ್ಲೋವ್ ಸದ್ದು ಕೇಳಿಸಿ ಆಮೇಲೆ ಊಟ ಕೊಟ್ಟು, ಕೊನೆಗೆ ಸದ್ದಿಗೇ ನಾಯಿಗಳು ಜೊಲ್ಲು ಸುರಿಸುವಂತೆ ಮಾಡಿದ್ದನ್ನು ಶಾಲೆಯಲ್ಲಿ ಓದಿದ್ದೇವಲ್ಲ, ಇದು ಅದೇ. ಕೆಲವು ದಿನದಲ್ಲಿ ‘ಬಿಡು’ ಅಂದ ಕೂಡಲೇ ಮರಿಯ ತಲೆ ತಾನಾಗೇ ನೆಲದ ಕಡೆ ಬಾಗುತ್ತದೆ, ಬಾಯಿ ತೆರೆಯುತ್ತದೆ. ನಿಮಗೆ ಬೇಕಾದದ್ದೂ ಅದೇ. ತೆರೆದ ಬಾಯಲ್ಲಿ ವಸ್ತು ನಿಲ್ಲುವುದಿಲ್ಲ.

ಆಮೇಲೆ ಬಾಯಲ್ಲಿ ವಸ್ತು ಇರುವಾಗ ಇದೇ ಆಟ. ಮೊದಲು ಅಷ್ಟೇನೂ ಇಷ್ಟ ಇಲ್ಲದ ಆಟಿಕೆ. ‘ಬಿಡು’ ಅನ್ನಿ, ಚೂರು ಉದುರಿಸಿ. ಆಟಿಕೆ ಬಿದ್ದ ಕೂಡಲೇ ಅದಕ್ಕೆ ಕೈ ಹಾಕಬೇಡಿ. ಮರಿ ತಿನ್ನುತ್ತಿರುವಾಗ ನಿಧಾನಕ್ಕೆ ಎತ್ತಿಕೊಳ್ಳಿ. ಮುಖ್ಯವಾದದ್ದು ಇನ್ನು ಮುಂದೆ: ತಿಂದಾದ ಮೇಲೆ ಆಟಿಕೆಯನ್ನು ವಾಪಸ್ ಕೊಡಿ. ಇದನ್ನು ಹೇಳಿದರೆ ಜನರಿಗೆ ವಿಚಿತ್ರ ಅನ್ನಿಸುತ್ತದೆ, ಬಿಡಿಸಿದ್ದು ಯಾಕೆ, ಮತ್ತೆ ಕೊಟ್ಟದ್ದು ಯಾಕೆ ಅಂತ. ಬಿಟ್ಟರೆ ಪನೀರೂ ಸಿಗುತ್ತದೆ, ಆಟಿಕೆಯೂ ಉಳಿಯುತ್ತದೆ ಅಂತ ಗೊತ್ತಾದ ಮರಿಗೆ ಬಚ್ಚಿಡಲು, ನುಂಗಲು ಕಾರಣವೇ ಇರುವುದಿಲ್ಲ. ನಿಜವಾಗಿ ಅಪಾಯದ ವಸ್ತು ಹಿಡಿದಾಗ ಮಾತ್ರ ವಾಪಸ್ ಕೊಡುವುದಿಲ್ಲ. ವಾಪಸ್ ಕೊಟ್ಟ ಸಲಗಳು ಹೆಚ್ಚಿದ್ದಷ್ಟೂ ಆ ಒಂದು ಸಲವನ್ನು ಅದು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

‘ತಡಿ’ ಕಲಿಸುವುದು ಇನ್ನೊಂದು ತರಹ. ಒಂದು ಕೈಯಲ್ಲಿ ಒಣ ರೊಟ್ಟಿ ಚೂರು ಇಟ್ಟು ಮುಷ್ಟಿ ಕಟ್ಟಿ. ಇನ್ನೊಂದು ಕೈಯಲ್ಲಿ ಪನೀರ್, ಬೆನ್ನ ಹಿಂದೆ. ಮುಷ್ಟಿಯನ್ನು ಮರಿಯ ಮೂಗಿನ ಹತ್ತಿರ ಹಿಡಿಯಿರಿ. ಮೂಸುತ್ತದೆ, ನೆಕ್ಕುತ್ತದೆ, ಕಾಲಿಂದ ಕೆರೆಯುತ್ತದೆ. ಏನೂ ಮಾತಾಡಬೇಡಿ. ಬೇಸತ್ತು ಮೂಗನ್ನು ಒಂದು ಇಂಚು ಹಿಂದೆ ತೆಗೆದುಕೊಳ್ಳುತ್ತದೆ ನೋಡಿ, ಆ ಕ್ಷಣಕ್ಕೇ ‘ಹಾಂ’ ಅನ್ನಿ, ಪನೀರ್ ಕೊಡಿ. ಮುಷ್ಟಿಯ ರೊಟ್ಟಿ ಕೊಡಬೇಡಿ. ಕೊಟ್ಟರೆ, ಕಾಯ್ದರೆ ಅದೇ ವಸ್ತು ಸಿಗುತ್ತದೆ ಅಂತ ಕಲಿಯುತ್ತದೆ. ಬೀದಿಯಲ್ಲಿ ಬಿದ್ದ ಮೂಳೆಯ ಮುಂದೆ ಜೊಲ್ಲು ಸುರಿಸುತ್ತಾ ಕೂರುವ ನಾಯಿ ನಮಗೆ ಬೇಡ, ಅದನ್ನು ಬಿಟ್ಟು ನಮ್ಮ ಮುಖ ನೋಡುವ ನಾಯಿ ಬೇಕು.

ಮುಷ್ಟಿ ತೋರಿಸಿದ ಕೂಡಲೇ ಮರಿ ಹಿಂದೆ ಸರಿಯತೊಡಗಿದ ಮೇಲೆ ‘ತಡಿ’ ಅನ್ನುವ ಮಾತು ಸೇರಿಸಿ. ಒಂದೇ ಸಲ, ಮಾಮೂಲಿ ದನಿಯಲ್ಲಿ. ‘ತಡಿ ತಡಿ ತಡಿ’ ಅಂತ ಹಾಡಿದರೆ, ಮೂರನೇ ಸಲಕ್ಕೆ ಕೇಳಿದರೆ ಸಾಕು ಅಂತ ಅದು ತಿಳಿಯುತ್ತದೆ. ಆಮೇಲೆ ಅಂಗೈ ಬಿಚ್ಚಿ ತೋರಿಸಿ, ಬಾಯಿ ಹಾಕಲು ಬಂದರೆ ಮುಚ್ಚಿ. ಆಮೇಲೆ ನೆಲದ ಮೇಲೆ ಇಟ್ಟು ಕಾಲು ಅಡ್ಡ ಇಡಿ. ಆಮೇಲೆ ನಿಂತು ಕೈಯಿಂದ ಬೀಳಿಸಿ, ಯಾಕಂದರೆ ಅಡುಗೆಮನೆಯಲ್ಲಿ ಮಾತ್ರೆ ಬೀಳುವುದು ಹೀಗೇ. ಆಮೇಲೆ ರುಚಿ ಹೆಚ್ಚಿಸಿ: ಹಿಟ್ಟಿನ ಜರಡಿ ಬೋರಲು ಹಾಕಿ ಅದರ ಕೆಳಗೆ ಮಾಂಸದ ತುಂಡು ಇಡಿ. ವಾಸನೆ ಬರುತ್ತದೆ, ಬಾಯಿಗೆ ಸಿಗುವುದಿಲ್ಲ. ಈ ಅಭ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ನೋಡಿಕೊಳ್ಳಬೇಕಾದದ್ದು ಇದೇ. ನೆಲದ್ದು ಒಂದು ಸಲ ಬಾಯಿಗೆ ಸಿಕ್ಕರೂ ಮರಿಗೆ ಅದು ಲಾಟರಿ ಹೊಡೆದಂತೆ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಮನೆಯೊಳಗೆ ಕಲಿತದ್ದು ಬೀದಿಗೆ ತಾನಾಗಿ ಬರುವುದಿಲ್ಲ. ನಾಯಿಗೆ ಹಾಲ್‌ನ ‘ತಡಿ’ ಬೇರೆ, ಅಂಗಳದ ‘ತಡಿ’ ಬೇರೆ. ಮಾಳಿಗೆ ಮೇಲೆ ಮತ್ತೆ ಮೊದಲಿಂದ, ಗೇಟಿನ ಹತ್ತಿರ ಮತ್ತೆ ಮೊದಲಿಂದ. ಪ್ರತಿ ಸಲ ಬೇಗ ಕಲಿಯುತ್ತದೆ, ಆದರೆ ಮೊದಲಿಂದ ಶುರು ಮಾಡಲೇಬೇಕು. ಕಲಬುರಗಿಯಲ್ಲಾದರೆ ಅಪ್ಪನ ಕೆರೆ ಕಡೆ ಬೆಳಗಿನ ಹೊತ್ತು ಒಳ್ಳೆಯದು, ಜನ ಇರುತ್ತಾರೆ ಆದರೆ ತಿಂಡಿ ಗಾಡಿಗಳ ಗದ್ದಲ ಇರುವುದಿಲ್ಲ. ಹಗ್ಗ ಸಡಿಲವಾಗಿರಲಿ. ಏನೋ ಬಿದ್ದಿದ್ದು ನಿಮಗೆ ಮೊದಲು ಕಾಣಬೇಕು. ನಾಲ್ಕು ಹೆಜ್ಜೆ ದೂರ ಇರುವಾಗಲೇ ‘ತಡಿ’ ಅನ್ನಿ, ಮುಖ ತಿರುಗಿಸಿದರೆ ಅಲ್ಲೇ ಬಹುಮಾನ. ಮೂಗು ವಸ್ತುವಿಗೆ ತಾಗಿದ ಮೇಲೆ ಹೇಳಿದರೆ ತಡ ಆಯಿತು. ಫೋನ್ ನೋಡುತ್ತಾ ನಾಯಿ ತಿರುಗಾಡಿಸುವವರಿಗೆ ಈ ತರಬೇತಿ ಹತ್ತುವುದಿಲ್ಲ, ಖಂಡಿತ.

ದೊಡ್ಡ ಪರೀಕ್ಷೆ ಎಳ್ಳ ಅಮಾವಾಸ್ಯೆ. ಬಂಧುಬಳಗ ಸೇರಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ, ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲುತ್ತೇವೆ, ನಾಯಿಯೂ ಬಂಡಿ ಹಿಂದೆ ಓಡಿ ಬರುತ್ತದೆ. ನೆಲದ ತುಂಬ ಹೋಳಿಗೆ, ಕಡುಬು, ಭಜ್ಜಿ, ಉಳ್ಳಾಗಡ್ಡಿ. ಹೊಲದ ಗುಡಿಸಲಿನ ಮೂಲೆಯಲ್ಲಿ ಹಳೇ ಎಣ್ಣೆ ಬಾಟಲಿ. ಆರು ತಿಂಗಳ ಮರಿಗೆ ಇದು ಮೀರಿದ ಪರೀಕ್ಷೆ. ಕಟ್ಟಿ ಹಾಕಿ, ಇಲ್ಲವೇ ಬಾಯಿಗೆ ಬುಟ್ಟಿ ಹಾಕಿ. ಎಡೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕಬಾರದು ಅಂತ ನಾವು ಬಾಯಿಕುಕ್ಕೆ ಕಟ್ಟುತ್ತೇವಲ್ಲ, ಅದೇ ಜಾತಿಯದು. ನಾಯಿಗೆ ಜಾಲರಿ ಬುಟ್ಟಿಯಂಥದ್ದೇ ಬೇಕು. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ನಮ್ಮ ಸೆಖೆಯಲ್ಲಿ ಪ್ರಾಣಕ್ಕೇ ಕುತ್ತು, ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದೇ ನಾಲಿಗೆ ಚಾಚಿ ಏದುಸಿರು ಬಿಡುವುದರಿಂದ. ಬುಟ್ಟಿಯೊಳಗೆ ಪನೀರ್ ಇಟ್ಟು ಮರಿಯೇ ಮೂತಿ ತೂರಿಸುವಂತೆ ಕೆಲವು ದಿನ ಆಡಿಸಿ, ಆಮೇಲೆ ಪಟ್ಟಿ ಹಾಕಿ. ಜಾತ್ರೆ ಮುಗಿದ ಮೈದಾನದ ಪಕ್ಕ ತಿರುಗಾಡುವಾಗಲೂ ಇದು ಕೆಲಸಕ್ಕೆ ಬರುತ್ತದೆ. ಅಲ್ಲಿ ನೆಲದ ಮೇಲೆ ಚೂಪು ಕಡ್ಡಿ, ತೆಂಗಿನ ಚಿಪ್ಪು, ಪ್ಲಾಸ್ಟಿಕ್ಕು ಸಿಗುತ್ತಲೇ ಇರುತ್ತವೆ.

ಮೂತಿಗೆ ಹೊಡೆಯುವುದು, ಖಾರದಪುಡಿ ಹಚ್ಚುವುದು, ಕಡಿದ ವಸ್ತುವನ್ನು ಅದರ ಮೂಗಿಗೆ ಉಜ್ಜುವುದು ಇವೆಲ್ಲ ಊರಲ್ಲಿ ನಡೆಯುತ್ತವೆ. ಹೊಡೆತ ತಿಂದ ಮರಿ ತಿನ್ನುವುದನ್ನು ನಿಲ್ಲಿಸುವುದಿಲ್ಲ, ನಿಮ್ಮ ಎದುರು ತಿನ್ನುವುದನ್ನು ನಿಲ್ಲಿಸುತ್ತದೆ. ಅದು ಇನ್ನೂ ಅಪಾಯ, ಏನು ತಿಂದಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಗುರ್ ಅನ್ನುವ ಮರಿಗೆ ಹೊಡೆದರೆ ಗುರ್ ಅನ್ನುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ವಸ್ತುವಿನ ಮೇಲೆ ಬಗ್ಗಿ ಮೈ ಕಲ್ಲಿನಂತೆ ಬಿಗಿಯಾಗಿದ್ದರೆ, ಓರೆಗಣ್ಣಲ್ಲಿ ಬಿಳಿ ಕಾಣುತ್ತಿದ್ದರೆ ಕೈ ಹಾಕಬೇಡಿ.

ತರಬೇತಿ ಇನ್ನೂ ಗಟ್ಟಿಯಾಗಿಲ್ಲ, ಬಾಯಲ್ಲಿ ಏನೋ ಇದೆ, ಆಗ ಏನು ಮಾಡೋದು? ಓಡಬೇಡಿ. ಓಡಿದರೆ ಅದಕ್ಕೆ ಆಟ, ಇಲ್ಲವೇ ಹೆದರಿಕೆ. ಎರಡರಲ್ಲೂ ನುಂಗುತ್ತದೆ. ಅದಕ್ಕೆ ಬೆನ್ನು ಹಾಕಿ ಅಡುಗೆಮನೆಗೆ ಹೋಗಿ ಫ್ರಿಜ್ ಬಾಗಿಲು ತೆಗೆಯಿರಿ, ತಿಂಡಿ ಡಬ್ಬಿ ಅಲ್ಲಾಡಿಸಿ. ಬಹಳಷ್ಟು ಮರಿಗಳು ಇದ್ದದ್ದನ್ನು ಅಲ್ಲೇ ಹಾಕಿ ಬರುತ್ತವೆ. ಒಂದು ಮುಷ್ಟಿ ತಿಂಡಿ ದೂರಕ್ಕೆ ಚೆಲ್ಲಿ, ಅದು ಹೆಕ್ಕುವಾಗ ವಸ್ತು ಎತ್ತಿಕೊಳ್ಳಿ. ಮಾತ್ರೆ, ಬ್ಯಾಟರಿ, ಸೂಜಿ ಅಂತ ಖಚಿತ ಇದ್ದು ತಿಂಡಿಗೂ ಬಿಡದಿದ್ದರೆ ಮಾತ್ರ ಬಾಯಿಗೆ ಕೈ ಹಾಕುವುದು.

ಮಣ್ಣು, ಕಲ್ಲು ತಿನ್ನುವ ಮರಿ

ಕೆಲವು ಮರಿಗಳು ಗೋಡೆಯ ಸುಣ್ಣ, ಮಣ್ಣು, ಕಲ್ಲನ್ನೇ ಹುಡುಕಿ ತಿನ್ನುತ್ತವೆ. ಇದನ್ನು ಬರೀ ಚಾಳಿ ಅಂದುಕೊಳ್ಳಬೇಡಿ. ಹೊಟ್ಟೆಹುಳ ಇರಬಹುದು, ರಕ್ತ ಕಡಿಮೆ ಇರಬಹುದು, ಉಣ್ಣಿಯಿಂದ ಬರುವ ಜ್ವರ ಇರಬಹುದು, ಬರೀ ಹಾಲು ರೊಟ್ಟಿ ತಿಂದು ಪ್ರೋಟೀನ್ ಸಾಲದೆ ಇರಬಹುದು. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಇರಬೇಕು, ಬಿಳಚಿದ್ದರೆ ಡಾಕ್ಟರಿಗೆ ತೋರಿಸಿ. ಹುಳದ ಔಷಧ ಎರಡು ವಾರದ ವಯಸ್ಸಿನಿಂದಲೇ ಶುರುವಾಗುತ್ತದೆ. ಮೂರು ತಿಂಗಳ ತನಕ ಎರಡು ವಾರಕ್ಕೊಮ್ಮೆ, ಆರು ತಿಂಗಳ ತನಕ ತಿಂಗಳಿಗೊಮ್ಮೆ ಕೊಡುವುದು ರೂಢಿ. ಇಡೀ ದಿನ ಕಂಬಕ್ಕೆ ಕಟ್ಟಿದ ಮರಿಯೂ ಬೇಸರಕ್ಕೆ ಕಲ್ಲು ಜಗಿಯುತ್ತದೆ. ಅದಕ್ಕೆ ಔಷಧ ಅಂದರೆ ಬಿಚ್ಚಿ ತಿರುಗಾಡಿಸುವುದು.

ತಿಂದೇಬಿಟ್ಟರೆ

ಎಷ್ಟು ಕಾಯ್ದರೂ ಒಂದು ದಿನ ತಿನ್ನಬಹುದು. ಆಗ ಮನೆ ಮದ್ದು ಬೇಡ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ಬಹಳ ಕಡೆ ಇದೆ. ರಕ್ತದಲ್ಲಿ ಉಪ್ಪು ಏರಿ ಅದರಿಂದಲೇ ನಾಯಿ ಸಾಯಬಹುದು. ಅಡುಗೆ ಎಣ್ಣೆ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಆಸಿಡ್, ಫಿನಾಯಿಲ್, ಸೀಮೆಎಣ್ಣೆ, ಬ್ಯಾಟರಿ, ಸೂಜಿ ಇವನ್ನು ನುಂಗಿದ್ದರೆ ವಾಂತಿ ಮಾಡಿಸಲೇಬಾರದು, ಬರುವಾಗ ಮತ್ತೊಮ್ಮೆ ಸುಡುತ್ತದೆ, ಚುಚ್ಚುತ್ತದೆ. ವಾಂತಿ ಬೇಕೋ ಬೇಡವೋ ಅಂತ ಡಾಕ್ಟರ್ ಹೇಳಬೇಕು. ಅದರಿಂದ ಉಪಯೋಗ ಆಗುವುದೂ ಹೆಚ್ಚಾಗಿ ಮೊದಲ ಒಂದೆರಡು ಗಂಟೆಯಲ್ಲಿ. ಹಾಗಾಗಿ ‘ನೋಡೋಣ, ಸಂಜೆ ತನಕ ಹೆಂಗಿರ್ತದ’ ಅನ್ನುವ ಮಾತೇ ಬೇಡ.

ಹೊರಡುವಾಗ ಪೊಟ್ಟಣ, ಬಾಟಲಿ, ಮಾತ್ರೆಯ ಚೀಟಿ ಏನಿದೆಯೋ ಅದನ್ನು ಚೀಲದಲ್ಲಿ ಹಾಕಿಕೊಳ್ಳಿ. ಹೆಸರು ನೋಡಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿಯುತ್ತದೆ. ಎಷ್ಟು ಹೊತ್ತಿಗೆ ತಿಂದಿತು, ಅಂದಾಜು ಎಷ್ಟು, ಮರಿಯ ತೂಕ ಎಷ್ಟು ಅಂತ ಹೇಳಲು ತಯಾರಿರಿ. ಇಲಿಯ ಕಪ್ಪು ಪುಡಿ ಅಥವಾ ಕಾಳಿನ ಗುಳಿಗೆ ತಿಂದಿದ್ದರೆ ಊಟ, ಹಾಲು ಏನೂ ಹಾಕಬೇಡಿ, ಹೊಟ್ಟೆಯ ಹುಳಿ ಹೆಚ್ಚಾದರೆ ವಿಷದ ಗಾಳಿಯೂ ಹೆಚ್ಚಾಗುತ್ತದೆ. ದಾರಿಯಲ್ಲಿ ಕಾರಿನ ಕಿಟಕಿ ತೆರೆದಿರಲಿ. ನಾಯಿ ವಾಂತಿ ಮಾಡಿದರೆ ಆ ಗಾಳಿ ನಿಮಗೂ ವಿಷ.

ಮೊದಲು ಹತ್ತಿರದ ಪಶು ಆಸ್ಪತ್ರೆ. ಎಣ್ಣೆ ಔಷಧದ ವಿಷಕ್ಕೆ ಅಟ್ರೋಪಿನ್ ಕೊಡುತ್ತಾರೆ, ಊರ ದನಗಳಿಗೂ ಬೇಕಾಗುವ ಔಷಧ ಅದು. ಆಪರೇಷನ್ ಬೇಕಾದ ಕೇಸಾದರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು, ಅದರ ಆಸ್ಪತ್ರೆ ಇದೆ. ಕಲಬುರಗಿಯಿಂದ ನೂರು ಕಿ.ಮೀ. ಮೇಲಿನ ದಾರಿ, ಫೋನ್ ಮಾಡಿ ಕೇಳಿಯೇ ಹೊರಡಿ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು. ಆದರೆ ವಿಷ ತಿಂದಾಗ ಗಾಡಿ ಬರಲಿ ಅಂತ ಕೂರುವುದಕ್ಕಿಂತ ಆಟೋ ಹತ್ತುವುದು ಮೇಲು.

ಮೂಳೆ, ಓಟೆ, ಬಟ್ಟೆ ನುಂಗಿದ್ದರೆ ಲಕ್ಷಣ ನಿಧಾನಕ್ಕೆ ಬರುತ್ತವೆ. ಮತ್ತೆ ಮತ್ತೆ ವಾಂತಿ, ಊಟ ಬೇಡ ಅನ್ನುವುದು, ಮಲ ಬರದಿರುವುದು, ಹಿಂಭಾಗ ಎತ್ತಿ ಮುಂಗಾಲು ನೆಲಕ್ಕೆ ಚಾಚಿ ನಿಲ್ಲುವುದು. ಇವುಗಳಲ್ಲಿ ಒಂದು ಕಂಡರೂ ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿಸಿ.

ಇಲಿಯ ಬಿಲ್ಲೆ ತಿಂದ ಮರಿಗೆ ಕೊಡುವುದು ವಿಟಮಿನ್ ಕೆ1. ಇದನ್ನು ಸಾಮಾನ್ಯವಾಗಿ ಮೂರು ನಾಲ್ಕು ವಾರ ಕೊಡಬೇಕಾಗುತ್ತದೆ, ಯಾಕಂದರೆ ಆ ವಿಷ ಅಷ್ಟು ದಿನ ಮೈಯಲ್ಲಿ ಉಳಿಯುತ್ತದೆ. ಮೂರನೇ ದಿನಕ್ಕೇ ಮರಿ ಕುಣಿಯತೊಡಗುತ್ತದೆ, ಮನೆಯವರು ಗುಳಿಗೆ ನಿಲ್ಲಿಸುತ್ತಾರೆ, ವಾರ ಕಳೆದ ಮೇಲೆ ಮತ್ತೆ ರಕ್ತಸ್ರಾವ ಶುರುವಾಗುತ್ತದೆ. ಡಾಕ್ಟರ್ ಹೇಳಿದ ದಿನದ ತನಕ ಕೊಡಿ. ಕೊನೇ ಗುಳಿಗೆ ಕೊಟ್ಟು ಎರಡು ದಿನ ಆದ ಮೇಲೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ. ಅಲ್ಲಿಯತನಕ ಮರಿಯನ್ನು ಜಾಸ್ತಿ ಓಡಿಸಬೇಡಿ, ಬೇರೆ ನಾಯಿಗಳ ಜೊತೆ ಗುದ್ದಾಡಲು ಬಿಡಬೇಡಿ.